ಕಾಡಂಚಿನ ಪ್ರಶ್ನೋತ್ತರ: ಅಬ್ಬಿ, ಹಳ್ಳ, ಕಪ್ಪೆ, ಹತ್ತುಮೀನು

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಶಿವಮೊಗ್ಗ ಜಿಲ್ಲೆಯ ಮಲೆನಾಡು ತಾಲ್ಲೂಕುಗಳ ಕಾಡಂಚಿನ ಮನೆಗಳಿಂದ ಬಂದಿವೆ. ಸುರಿದರೆ ತಿಂಗಳ ಮಳೆ ನಾಲ್ಕೇ ದಿನದಲ್ಲಿ, ಬಿಟ್ಟರೆ ಆರಿದ್ರೆಯಲ್ಲೂ ಬಿಸಿಲು. ಇಂಥದ್ದರಲ್ಲಿ ಕಾಡುಜೀವಿಗಳಿಗೆ ಏನು ಮಾಡಿಕೊಡಬೇಕು ಎಂದು ಹಲವರು ಕೇಳಿದ್ದಾರೆ. ಉತ್ತರಗಳು ಕೆಲವರಿಗೆ ಸಪ್ಪೆ ಅನ್ನಿಸಬಹುದು, ಯಾಕೆಂದರೆ ಮಲೆನಾಡಿನಲ್ಲಿ ಹೊಸದಾಗಿ ಕೊಡುವುದಕ್ಕಿಂತ ಇರುವ ತಂಪನ್ನು ಕದಿಯದೆ ಇರುವುದು, ಇರುವ ದಾರಿಯನ್ನು ಮುಚ್ಚದೆ ಇರುವುದು ಹೆಚ್ಚು ಕೆಲಸ ಮಾಡುತ್ತದೆ.

ಪ್ರಶ್ನೆ: ಗುಡ್ಡದ ಒರತೆಯಿಂದ ಕಪ್ಪು ಪೈಪಿನಲ್ಲಿ ಅಬ್ಬಿ ನೀರು ಮನೆಗೆ ಬರುತ್ತದೆ, ಹಗಲೂ ರಾತ್ರಿ ಹರಿಯುತ್ತದೆ. ಒರತೆಯ ಕೆಳಗಿನ ಕೊರಕಲು ಮೊದಲು ಮಾರ್ಚಿಯಲ್ಲೂ ಹಸಿ ಇರುತ್ತಿತ್ತು, ಈಗ ಜನವರಿಗೇ ಒಣಗುತ್ತದೆ. ನಮ್ಮ ಪೈಪಿನಿಂದಲೇ ಹೀಗಾಯಿತೆ? ಮನೆ ಹತ್ತಿರ ನಲ್ಲಿ ಹಾಕಿ ಬಂದ್ ಮಾಡಿದರೆ ಮೇಲೆಲ್ಲೋ ಪೈಪ್ ಬಿಚ್ಚಿಕೊಳ್ಳುತ್ತದೆ. (ಹೊಸನಗರ ತಾಲ್ಲೂಕು)

ಮಳೆಯ ಪಾಲೂ ಇದೆ, ಪೈಪಿನ ಪಾಲೂ ಇದೆ. ಎರಡನೆಯದನ್ನು ನೀವೇ ಅಳೆಯಬಹುದು. 15 ಲೀಟರಿನ ಬಕೆಟ್ ಪೈಪಿನ ಕೆಳಗಿಟ್ಟು ಗಡಿಯಾರ ನೋಡಿ. ಒಂದು ನಿಮಿಷಕ್ಕೆ ತುಂಬಿದರೆ ದಿನಕ್ಕೆ 21,600 ಲೀಟರ್ ಬರುತ್ತಿದೆ ಎಂದಾಯಿತು. ಐದು ಜನ, ನಾಲ್ಕು ದನ ಇರುವ ಮನೆಗೆ ಧಾರಾಳವಾಗಿ ಲೆಕ್ಕ ಹಾಕಿದರೂ 1,000 ಲೀಟರ್ ಸಾಕು. ಉಳಿದ 20,000 ಲೀಟರ್ ಕೊರಕಲಿನಲ್ಲಿ ಹರಿಯಬೇಕಾದದ್ದು ನಿಮ್ಮ ಅಂಗಳದ ಚರಂಡಿಯಲ್ಲಿ ಹರಿಯುತ್ತಿದೆ. ಜನವರಿಯಿಂದ ಮೇವರೆಗೆ ಏಡಿ, ಕಪ್ಪೆ, ಏರೋಪ್ಲೇನ್ ಚಿಟ್ಟೆಯ ಮರಿಗಳು ಬದುಕುವುದು, ಬರ್ಕ (ಪುಟ್ಟ ಇಲಿಜಿಂಕೆ), ಕಾಡುಕುರಿಗಳು ನೀರಿಗೆ ಇಳಿಯುವುದು ಇಂಥ ಕೊರಕಲುಗಳಲ್ಲೇ. ಸುತ್ತಲಿನ ಕಾಡು ಕಾದಾಗ ಅವಕ್ಕೆ ಉಳಿಯುವ ಕೊನೆಯ ತಂಪು ಜಾಗವೂ ಅದೇ.

ನಲ್ಲಿ ಬಂದ್ ಮಾಡಿದಾಗ ಪೈಪ್ ಬಿಚ್ಚುವುದಕ್ಕೆ ಕಾರಣ ಒತ್ತಡ. ಪ್ರತಿ 10 ಮೀಟರ್ ಇಳಿಜಾರಿಗೆ ಚದರ ಸೆಂಟಿಮೀಟರಿಗೆ ಸುಮಾರು 1 ಕೆ.ಜಿ. ಒತ್ತಡ ಕೂಡುತ್ತದೆ. ಒರತೆ ಮನೆಗಿಂತ 60 ಮೀಟರ್ ಎತ್ತರದಲ್ಲಿದ್ದರೆ ನಲ್ಲಿ ಮುಚ್ಚಿದ ಕೂಡಲೇ ಕೆಳತುದಿಯಲ್ಲಿ 6 ಕೆ.ಜಿ. ಬೀಳುತ್ತದೆ. 4 ಕೆ.ಜಿ. ಒತ್ತಡಕ್ಕೆ ಮಾಡಿದ ಪೈಪ್, ಅದರಲ್ಲೂ ಸೈಕಲ್ ಟ್ಯೂಬ್ ಸುತ್ತಿದ ಜಾಯಿಂಟ್ ಇದನ್ನು ತಡೆಯುವುದಿಲ್ಲ. ಹಾಗಾಗಿ ಕೆಳಗೆ ಮುಚ್ಚುವ ಬದಲು ಮೇಲೆಯೇ ಕಡಿಮೆ ಮಾಡಿ. ಒರತೆಯ ಬಳಿ ಪೈಪಿನ ಬಾಯಿಗೆ ಎಂಡ್ ಕ್ಯಾಪ್ ಹಾಕಿ ಅದಕ್ಕೆ 4 ಮಿ.ಮೀ. ಡ್ರಿಲ್ ಬಿಟ್ಟಿನಿಂದ ಒಂದೇ ತೂತು ಕೊರೆಯಿರಿ. ತೂತಿನ ಮೇಲೆ ಒಂದು ಗೇಣು ನೀರು ನಿಲ್ಲುವಂತಿದ್ದರೆ ದಿನಕ್ಕೆ ಸುಮಾರು 1,300 ಲೀಟರ್ ಇಳಿಯುತ್ತದೆ. ಉಳಿದದ್ದು ತಾನಾಗಿ ಕೊರಕಲಿಗೆ ಹೋಗುತ್ತದೆ.

ಎರಡು ಕಡೆ ಎಡವುತ್ತೀರಿ. ಮೊದಲನೆಯದು ಗಾಳಿ. ಕ್ಯಾಪಿನಿಂದ ಎರಡಡಿ ಕೆಳಗೆ ಒಂದು ಟೀ (ಮೂರು ಬಾಯಿಯ ಜಾಯಿಂಟ್) ಹಾಕಿ, ಒರತೆಯ ನೀರಿನ ಮಟ್ಟಕ್ಕಿಂತ ಎತ್ತರಕ್ಕೆ ಬರುವ ತೆರೆದ ಪೈಪ್ ನಿಲ್ಲಿಸಿ. ಇಲ್ಲದಿದ್ದರೆ ಕೆಳಗಿನ ನೀರಿನ ಕಂಬ ಮೇಲಿನ ನೀರನ್ನು ಎಳೆದುಕೊಂಡು ತೂತಿನ ಲೆಕ್ಕವೆಲ್ಲ ತಪ್ಪುತ್ತದೆ. ಪೈಪ್ ನಡುವೆ ಎಲ್ಲೂ ಏರಬಾರದು, ಏರಿದ ಕಡೆ ಗಾಳಿ ಕಟ್ಟಿಕೊಂಡು ನೀರು ನಿಲ್ಲುತ್ತದೆ. ಎರಡನೆಯದು ಕಸ. ನಾಲ್ಕು ಮಿಲಿಮೀಟರಿನ ತೂತನ್ನು ಒಂದು ಕೊಳೆತ ಎಲೆ ಮುಚ್ಚಬಲ್ಲದು. 20 ಲೀಟರಿನ ಕ್ಯಾನಿನ ಸುತ್ತ ಸಣ್ಣ ತೂತು ಮಾಡಿ, ಒಳಗೆ ಜಲ್ಲಿ ತುಂಬಿ, ಕ್ಯಾಪನ್ನು ಅದರ ನಡುವೆ ಇಡಿ. ವಾರಕ್ಕೊಮ್ಮೆ ಹತ್ತಿ ನೋಡಲೇಬೇಕು. ಮನೆಯಲ್ಲಿ 1,000 ಲೀಟರಿನ ಟ್ಯಾಂಕ್ ಇದ್ದರೆ ರಾತ್ರಿ ತುಂಬಿದ ನೀರು ಹಗಲಿಗೆ ಆಗುತ್ತದೆ.

ಬೇಸಿಗೆಯಲ್ಲಿ ತೋಟಕ್ಕೂ ಇದೇ ನೀರು ಬೇಕು ಅನ್ನುವುದಾದರೆ ಆ ಪೈಪನ್ನು ಒರತೆಯ ಬಾಯಿಗೆ ಹಾಕದೆ ಕೊರಕಲಿನ ಕೆಳತುದಿಗೆ ಹಾಕಿ. ನೀರು ಅದೇ, ನಡುವಿನ ಇನ್ನೂರು ಮುನ್ನೂರು ಅಡಿ ಮಾತ್ರ ಹಸಿಯಾಗಿ ಉಳಿಯುತ್ತದೆ. ಒರತೆಯ ಬಾಯಿಗೆ ಸಿಮೆಂಟ್ ಪೆಟ್ಟಿಗೆ ಕಟ್ಟಬೇಡಿ, ಸುತ್ತಲಿನ ಮುಂಡಿಗೆ (ಕಾಡು ಕೇದಗೆ) ಮೆಳೆಯನ್ನು ಸವರಬೇಡಿ.

ಪ್ರಶ್ನೆ: ಹಳ್ಳದ ದಂಡೆಯಲ್ಲಿ ನಮ್ಮ ಹಿಡುವಳಿಯ ಅರ್ಧ ಎಕರೆಯಲ್ಲಿ ಅಕೇಶಿಯಾ ಬೆಳೆದಿದೆ. ಎಲ್ಲ ತೆಗೆದು ಕಾಡುಗಿಡ ನೆಡಬೇಕೆಂದಿದ್ದೇವೆ. ಬಿಸಿಲು ಹೆಚ್ಚುತ್ತಿರುವಾಗ ಯಾವ ಗಿಡ ಉಳಿಯುತ್ತದೆ? ರಾಮಪತ್ರೆ ಹಾಕಬಹುದೆ? (ಸಾಗರ ತಾಲ್ಲೂಕು)

ಒಂದೇ ಸಲ ಎಲ್ಲ ತೆಗೆಯಬೇಡಿ, ಇದು ಎಲ್ಲಕ್ಕಿಂತ ಮುಖ್ಯ. ಹೈಗ, ಉಪ್ಪಾಗೆ, ರಾಮಪತ್ರೆಯಂಥ ಗಿಡಗಳು ಹುಟ್ಟುವುದೇ ನೆರಳಿನಲ್ಲಿ. ಬೋಳು ನೆಲದಲ್ಲಿ ನೆಟ್ಟರೆ ಮಳೆಗಾಲದಲ್ಲಿ ಚಿಗುರಿ ಆಸೆ ಹುಟ್ಟಿಸಿ, ಮಾರ್ಚಿಯಲ್ಲಿ ಸಾಯುತ್ತವೆ. ಅಕೇಶಿಯಾವನ್ನು ಸದ್ಯಕ್ಕೆ ಕೊಡೆಯಂತೆ ಬಳಸಿಕೊಳ್ಳಿ. ಮೊದಲ ವರ್ಷ ಮೂರರಲ್ಲಿ ಒಂದು ಮರ ತೆಗೆಯಿರಿ. ಕೆಳಗಿನ ಗಿಡ ಆಳೆತ್ತರ ಮೀರಿದ ಮೇಲೆ, ಅಂದರೆ ಮೂರು ನಾಲ್ಕು ವರ್ಷಕ್ಕೆ, ಇನ್ನೊಂದು ಪಾಲು. ಕೊನೆಯದು ಆಮೇಲೆ. ಹಿಡುವಳಿಯಾದರೂ ಕೊಡಲಿ ಹಾಕುವ ಮೊದಲು ವಲಯ ಅರಣ್ಯ ಕಚೇರಿಯಲ್ಲಿ ಕೇಳಿಕೊಳ್ಳಿ. ಮರ ತೆಗೆದ ಕಡೆ ಬೆಳಕು ಬಿದ್ದ ಕೂಡಲೇ ನೆಲದಲ್ಲಿರುವ ಅಕೇಶಿಯಾ ಬೀಜ ಎದ್ದು ಬರುತ್ತದೆ. ಗೇಣುದ್ದ ಇದ್ದಾಗಲೇ ಜುಲೈಯಲ್ಲಿ ಕೈಯಿಂದ ಕೀಳಬೇಕು. ಸವರಿದ ರೆಂಬೆಗೆ ಅಲ್ಲೇ ಬೆಂಕಿ ಹಾಕಿದರಂತೂ ಮುಗಿಯಿತು, ಆ ಬೀಜದ ಗಟ್ಟಿ ಸಿಪ್ಪೆ ಬಿರಿಯುವುದೇ ಬಿಸಿಗೆ.

ನೆಲವನ್ನು ಕಾಲಿನಿಂದ ಅಳೆಯಿರಿ. ಮಾರ್ಚಿಯಲ್ಲೂ ಕಾಲು ಹುಗಿಯುವಷ್ಟು ಒದ್ದೆ ಇರುವ ಅಂಚಿಗೆ ಮುಂಡಿಗೆ, ವಾಟೆ ಬಿದಿರು, ಅತ್ತಿ. ಅದರ ಮೇಲೆ, ತೇವ ಇದ್ದರೂ ನೀರು ನಿಲ್ಲದ ಕಡೆ ಅಪ್ಪೆಮಾವು, ನೇರಳೆ, ಹೈಗ, ಉಪ್ಪಾಗೆ, ಮುರುಗಲು. ಇನ್ನೂ ಮೇಲೆ ಒಣ ಏರಿಗೆ ಹೆಬ್ಬಲಸು, ವಾಟೆಹುಳಿ, ಮತ್ತಿ, ಹೊನ್ನೆ, ಮತ್ತು ಎರಡು ಮೂರಾದರೂ ಗೋಳಿ ಅಥವಾ ಬಸರಿ. ಬೇರೆ ಹಣ್ಣಿಲ್ಲದ ತಿಂಗಳಲ್ಲಿ ಮಂಗಟ್ಟೆ, ಕುಟ್ರುಹಕ್ಕಿ, ಕೆಂದಳಿಲುಗಳನ್ನು ಸಾಕುವುದು ಈ ಅತ್ತಿಯ ಜಾತಿಯ ಮರಗಳೇ. ಹೂ ಬಿಡುವ ಕಾಲ ಹಿಂದೆ ಮುಂದಾಗುತ್ತಿರುವಾಗ ಒಂದೇ ಜಾತಿಯನ್ನು ನಂಬುವುದು ಜೂಜು. ಗೋಳಿ, ಬಸರಿಗೆ ನರ್ಸರಿ ಬೇಡ. ಮಣಿಕಟ್ಟಿನಷ್ಟು ದಪ್ಪದ ಆರಡಿ ಗೂಟವನ್ನು ಮೇ ಕೊನೆಯಲ್ಲಿ ಕಡಿದು, ಮೇಲ್ತುದಿಗೆ ಸಗಣಿ ಮೆತ್ತಿ, ಎರಡಡಿ ಆಳಕ್ಕೆ ಹುಗಿದರೆ ಸಾಕು.

ಹತ್ತಡಿಗೊಂದರಂತೆ ಅರ್ಧ ಎಕರೆಗೆ ಸುಮಾರು 220 ಗಿಡ ಹಿಡಿಯುತ್ತದೆ. ಸಾಲು ಹಿಡಿಯಬೇಕಾಗಿಲ್ಲ. ಈಗಾಗಲೇ ತಾನೇ ಹುಟ್ಟಿದ ಕಾಡುಸಸಿ ಇದ್ದಲ್ಲಿ ಹೊಸದು ಬೇಡ, ಅದರ ಸುತ್ತ ಕಳೆ ತೆಗೆದರೆ ನಿಮ್ಮ ನರ್ಸರಿ ಗಿಡಕ್ಕಿಂತ ಬೇಗ ಏಳುತ್ತದೆ. ಒಣ ಭಾಗದಲ್ಲಿ ಒಂದೂವರೆ ಅಡಿ ಗುಂಡಿ ತೆಗೆಯಿರಿ, ಒದ್ದೆ ಅಂಚಿನಲ್ಲಿ ಹಾರೆಯಿಂದ ಬಾಯಿ ತೆರೆದರೆ ಸಾಕು. ಮೃಗಶಿರದ ಮೊದಲ ಹನಿಗೆ ನೆಡಬೇಡಿ, ಆಮೇಲೆ ಮಳೆ ಹತ್ತು ದಿನ ಕೈಕೊಡುವುದು ಈಗ ಮಾಮೂಲು. ಗುದ್ದಲಿ ಹಾಕಿದರೆ ಒಂದಡಿ ಆಳಕ್ಕೂ ಹಸಿ ಕಾಣುವ ದಿನ ನೆಡಿ. ಪುಷ್ಯದ ಹೊತ್ತಿಗೆ ಕೆಲಸ ಮುಗಿದಿರಲಿ, ಆಗಿನ ಮಳೆಗೆ ಸಡಿಲ ಮಣ್ಣು ಹಳ್ಳಕ್ಕೆ ಹೋಗುತ್ತದೆ. ಚೀಲದೊಳಗೆ ಬೇರು ಸುತ್ತಿಕೊಂಡಿದ್ದರೆ ಆ ಸುತ್ತನ್ನು ಕತ್ತರಿಸಿ. ಹಾಗೇ ನೆಟ್ಟರೆ ಐದನೇ ವರ್ಷ ಗಾಳಿಗೆ ಬುಡಸಮೇತ ಮಲಗುತ್ತದೆ. ನಾಲ್ಕಂಗುಲ ದರಕು (ಉದುರಿದ ಒಣ ಎಲೆ) ಹಾಸಿ, ಕಾಂಡದಿಂದ ಅಂಗೈಯಗಲ ದೂರ ಬಿಡಿ. ನವೆಂಬರ್ ಕೊನೆಯಲ್ಲಿ ಪಡುವಣ ಬದಿಗೆ ಎರಡು ಅಡಿಕೆ ಸೋಗೆ ಚುಚ್ಚಿ. ಮೊದಲ ಎರಡು ಬೇಸಿಗೆ ಫೆಬ್ರವರಿಯಿಂದ ವಾರಕ್ಕೆ ಗಿಡಕ್ಕೆ 5 ಲೀಟರ್ ನೀರು.

ರಾಮಪತ್ರೆಗೆ ಬೇರೆಯದೇ ಮರ್ಯಾದೆ ಬೇಕು. ಅದರ ಬೀಜ ಒಣಗಿದರೆ ಸತ್ತಂತೆಯೇ. ಹಣ್ಣು ಬಿರಿದು ಬಿದ್ದ ಮೂರು ದಿನದೊಳಗೆ ಕೆಂಪು ಪತ್ರೆ ಬಿಡಿಸಿ, ಒದ್ದೆ ಮರಳಿನಲ್ಲಿ ಅಡ್ಡ ಮಲಗಿಸಿ, ಅರ್ಧ ಮಾತ್ರ ಹೂತು, ನೆರಳಿನಲ್ಲಿಡಿ. ಮೊಳಕೆಗೆ ಒಂದೂವರೆ ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಬಿಡುವಿನ ಮಳೆಯ ನಿಜವಾದ ಪೆಟ್ಟು ಇಲ್ಲೇ ಇದೆ. ಬೀಜ ಉದುರಿದ ಮೇಲೆ ಹತ್ತು ದಿನ ಬಿಸಿಲಾದರೆ ಆ ಮರದ ಆ ವರ್ಷದ ಸಂತಾನ ಪೂರ್ತಿ ಹೋಯಿತು. ಜೋಗದಿಂದ ಹೊನ್ನಾವರಕ್ಕೆ ಇಳಿಯುವ ದಾರಿಯ ಕತ್ತಲೆಕಾನಿನಲ್ಲಿ ಕೆಸರಿನಿಂದ ಮೊಣಕಾಲಿನಂತೆ ಬಾಗಿ ಮೇಲೆದ್ದ ಬೇರುಗಳನ್ನು ನೋಡಿದವರಿಗೆ ಗೊತ್ತು, ಜೌಗಿನ ರಾಮಪತ್ರೆ ಜಾತಿಗಳು ವರ್ಷವಿಡೀ ನೀರಿರುವಲ್ಲಿ ಬೇರಿನಿಂದಲೇ ಉಸಿರಾಡುತ್ತವೆ. ನಿಮ್ಮ ಹಳ್ಳ ಮಾರ್ಚಿಗೆ ಪೂರ್ತಿ ಒಣಗುವುದಾದರೆ ಜೌಗಿನ ಜಾತಿ ಬೇಡ, ಗಟ್ಟಿ ನೆಲದ ರಾಮಪತ್ರೆಯನ್ನೇ ಹಾಕಿ. ಬೀಜವನ್ನು ಅಭಯಾರಣ್ಯದಿಂದ ತರಬೇಡಿ. ತೋಟದಂಚಿನ ಮರದಿಂದ ತರುವಾಗಲೂ ಅರ್ಧ ಮಂಗಟ್ಟೆಗೆ ಬಿಡಿ, ಅದು ನಿಮಗಿಂತ ದೂರ ಒಯ್ದು ಬಿತ್ತುತ್ತದೆ.

ಪ್ರಶ್ನೆ: ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡದಲ್ಲಿ ಈ ಬೇಸಿಗೆ ಒಂದು ಪುನುಗು ಬೆಕ್ಕು, ಎರಡು ಹಾವು ಸತ್ತು ತೇಲಿದವು. ಬೇಲಿ ಇದೆ. ಇನ್ನೇನು ಮಾಡಬೇಕು? (ಸೊರಬ ತಾಲ್ಲೂಕು)

ನೀರು ಕುಡಿಯಲು ಬಂದದ್ದು ಜಾರಿ ಬೀಳುತ್ತದೆ. ಆ ಹಾಳೆಯ ಮೇಲೆ ಉಗುರು ನಾಟುವುದಿಲ್ಲ. ನೀರು ಕೆಳಗಿಳಿದಷ್ಟೂ ಹತ್ತುವ ದೂರ ಹೆಚ್ಚು, ಹಾಗಾಗಿ ಸಾವು ಹೆಚ್ಚುವುದು ಏಪ್ರಿಲ್‌ನಲ್ಲೇ. ಬಿದ್ದ ಪ್ರಾಣಿ ಗೋಡೆಯ ಅಂಚು ಹಿಡಿದು ಈಜುತ್ತಾ ಮೂಲೆಗೆ ಬಂದು ಅಲ್ಲೇ ಒದ್ದಾಡುತ್ತದೆ. ಆದ್ದರಿಂದ ಏಣಿ ಮೂಲೆಯಲ್ಲಿರಲಿ.

ತೆಂಗಿನ ನಾರಿನ ದಪ್ಪ ಹಗ್ಗದಿಂದ ನಾಲ್ಕಡಿ ಅಗಲದ ಬಲೆ ಹೆಣೆಸಿ, ಕಣ್ಣು ಆರಂಗುಲ. ಅದು ಹೊಂಡದ ತಳ ಮುಟ್ಟುವಷ್ಟು ಉದ್ದ ಇರಬೇಕು, ಅರ್ಧಕ್ಕೇ ನಿಂತರೆ ಬೇಸಿಗೆಯಲ್ಲಿ ಉಪಯೋಗವಿಲ್ಲ. ಮೇಲ್ತುದಿಯನ್ನು ಅಂಚಿನಿಂದ ಮೂರಡಿ ಹಿಂದೆ, ಎರಡಡಿ ಆಳಕ್ಕೆ ಹೂತ ಗೂಟಕ್ಕೆ ಕಟ್ಟಿ. ಕೆಳತುದಿಗೆ ಭಾರ ಬೇಕು, ಆದರೆ ಕಲ್ಲನ್ನು ಬರಿದೇ ಕಟ್ಟಿದರೆ ಹಾಳೆ ಹರಿಯುತ್ತದೆ, ಗೋಣಿಚೀಲದೊಳಗೆ ಮರಳು ತುಂಬಿ ಕಟ್ಟಿ. ನಾಲ್ಕೂ ಮೂಲೆಗೆ ಆಗದಿದ್ದರೆ ಎದುರುಬದುರಿನ ಎರಡಕ್ಕಾದರೂ ಹಾಕಿ. ನಾರು ಎರಡು ವರ್ಷಕ್ಕೆ ಕೊಳೆಯುತ್ತದೆ, ಬದಲಿಸಿ. ಬಾಳಿಕೆ ಬರುತ್ತದೆಂದು ಸಣ್ಣ ಕಣ್ಣಿನ ನೈಲಾನ್ ಬಲೆ ಹಾಕಿದರೆ ಹಾವು ಅದರಲ್ಲೇ ಸಿಕ್ಕಿ ಸಾಯುತ್ತದೆ. ಕಪ್ಪೆ, ಹಾವು, ಇಲಿಗಳಿಗೆ ನಾಲ್ಕು ಬಿದಿರಿನ ಕಟ್ಟೊಂದನ್ನು ಹಗ್ಗದಿಂದ ಬಿಗಿದು ತೇಲಬಿಡಿ, ಒಂದು ತುದಿ ಬಲೆಗೆ ತಾಗಿಕೊಂಡಿರಲಿ.

ಬೇಲಿಯ ಹೊರಗೆ, ಕಾಡಿನ ಬದಿಗೆ, ಹಾಳೆ ಹಾಕದ ಒಂದು ತಗ್ಗು ಗುಂಡಿ ಮಾಡಿ. ಹತ್ತಡಿ ಉದ್ದ, ಆರಡಿ ಅಗಲ, ಆಳವಾದ ತುದಿಯಲ್ಲಿ ಒಂದೂವರೆ ಅಡಿ, ಇನ್ನೊಂದು ತುದಿ ಇಳಿಜಾರಾಗಿ ನೆಲ ಸೇರಲಿ. ನೀರು ಇಂಗದಂತೆ ಗದ್ದೆಯ ಜೇಡಿಮಣ್ಣು ತುಳಿಸಿ. ಹತ್ತಿರದಲ್ಲಿ ಸುಲಭದ ನೀರು ಸಿಕ್ಕರೆ ಜಾರುವ ಹೊಂಡಕ್ಕೆ ಬರುವುದು ಕಡಿಮೆಯಾಗುತ್ತದೆ.

ಪ್ರಶ್ನೆ: ನಮ್ಮ ಯುವಕ ಸಂಘದಿಂದ ಕಾಡಂಚಿನಲ್ಲಿ ಮಂಗಗಳಿಗೆ, ಕಾಟಿಗಳಿಗೆ (ಕಾಡುಕೋಣ) ಸಿಮೆಂಟ್ ತೊಟ್ಟಿ ಇಡಬೇಕೆಂದಿದ್ದೇವೆ. ಎಷ್ಟು ದೊಡ್ಡದು ಇರಬೇಕು? (ತೀರ್ಥಹಳ್ಳಿ ತಾಲ್ಲೂಕು)

ಇಡಬೇಡಿ. ಬಯಲುಸೀಮೆಯ ಕುರುಚಲು ಕಾಡಿಗೆ ಸರಿಹೊಂದುವ ಉಪಾಯ ಇದು. ಇಲ್ಲಿ ಊರಿನ ಪಕ್ಕ ತೊಟ್ಟಿ ಇಟ್ಟರೆ ಕಾಟಿ ತೋಟಕ್ಕೆ ಇಳಿಯುವ ದಾರಿ ಕಲಿಯುತ್ತದೆ, ಉರುಳು ಹಾಕುವವನಿಗೆ ಜಾಗ ಹುಡುಕುವ ಕೆಲಸ ಉಳಿಯುತ್ತದೆ, ಒಂದೇ ನೀರಿಗೆ ದನವೂ ಕಾಡುಪ್ರಾಣಿಯೂ ಬಾಯಿ ಹಾಕಿ ರೋಗ ಹಂಚಿಕೊಳ್ಳುತ್ತವೆ. ಮಂಗಗಳ ವಿಷಯ ಇನ್ನೂ ಸೂಕ್ಷ್ಮ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣುಗಿನಿಂದ ಹರಡುತ್ತದೆ, ಅದರ ಕಾಲ ಡಿಸೆಂಬರ್‌ನಿಂದ ಮೇ. ಸರಿಯಾಗಿ ಅದೇ ತಿಂಗಳುಗಳಲ್ಲಿ ಮಂಗಗಳನ್ನು ನೀರು, ಬಾಳೆಹಣ್ಣು ಇಟ್ಟು ಮನೆಯ ಹತ್ತಿರ ಕರೆಯುವುದು ಯಾರಿಗೂ ಒಳ್ಳೆಯದಲ್ಲ. ಸತ್ತ ಮಂಗ ಕಂಡರೆ ಮುಟ್ಟದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಅರಣ್ಯ ಸಿಬ್ಬಂದಿಗೋ ತಿಳಿಸಿ. ಆ ತಿಂಗಳುಗಳಲ್ಲಿ ದರಕು ಗುಡಿಸಲು ಕಾಡಿಗೆ ಹೋಗುವವರು ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ತೈಲ ಹಚ್ಚಿಕೊಳ್ಳಲಿ, ಬಂದ ಮೇಲೆ ಬಿಸಿನೀರಿನ ಸ್ನಾನ, ಬಟ್ಟೆಗೂ ಬಿಸಿನೀರು.

ಸಂಘದ ಹುರುಪನ್ನು ಮೇಲೆ ಹೇಳಿದ ಅಬ್ಬಿ ಪೈಪುಗಳ ಕಡೆ ತಿರುಗಿಸಿ. ಹತ್ತು ಮನೆಯ ಪೈಪಿಗೆ ಕ್ಯಾಪ್ ಹಾಕಿಸಿದರೆ ಎಷ್ಟು ತೊಟ್ಟಿ ಇಟ್ಟರೂ ಬಾರದ ನೀರು ಕಾಡಿನೊಳಗೇ ಉಳಿಯುತ್ತದೆ. ಅಂಗಳದಲ್ಲಿ ಹಕ್ಕಿಗೆ ಮಣ್ಣಿನ ಅಗಲ ತಟ್ಟೆ ಇಡುವುದಕ್ಕೆ ಅಡ್ಡಿಯಿಲ್ಲ. ಎರಡಂಗುಲಕ್ಕಿಂತ ಆಳ ಬೇಡ, ಜೇನು ಕೂರಲು ನಡುವೆ ಒಂದು ಕಲ್ಲು, ದಿನವೂ ಹೊಸ ನೀರು.

ಪ್ರಶ್ನೆ: ಅಡಿಕೆ ತೋಟಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದ ಮೇಲೆ ಬಸಿಗಾಲುವೆಯಲ್ಲಿ ಗೊದಮೊಟ್ಟೆ ಸತ್ತು ಬಿದ್ದಿರುತ್ತವೆ. ಹೊಡೆಯದಿದ್ದರೆ ಕೊಳೆ ಬಿಡುವುದಿಲ್ಲ. ದಾರಿ ಇದೆಯೆ? (ತೀರ್ಥಹಳ್ಳಿ ತಾಲ್ಲೂಕು)

ಹೊಡೆಯುವುದನ್ನು ಬಿಡಿ ಎಂದು ಹೇಳುವುದಿಲ್ಲ, ಕೊಳೆ ರೋಗ ಫಸಲನ್ನೇ ಒಯ್ಯುತ್ತದೆ. ಆದರೆ ಗೊದಮೊಟ್ಟೆ ಸಾಯುವುದು ಮುಖ್ಯವಾಗಿ ಸುಣ್ಣದೊಂದಿಗೆ ಸೇರದೆ ಉಳಿದ ತಾಮ್ರದಿಂದ. ಇದನ್ನು ತಡೆಯುವ ಪರೀಕ್ಷೆ ನಿಮ್ಮ ಕೈಯಲ್ಲೇ ಇದೆ. 1 ಕೆ.ಜಿ. ಮೈಲುತುತ್ತವನ್ನು 50 ಲೀಟರಿನಲ್ಲಿ, 1 ಕೆ.ಜಿ. ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕಲಕಿ. ಹೊಳೆಯುವ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಗಂದು ಬಣ್ಣ ಕೂತರೆ ತಾಮ್ರ ಬಿಡಿಯಾಗಿಯೇ ಇದೆ, ಇನ್ನಷ್ಟು ಸುಣ್ಣದ ತಿಳಿ ಹಾಕಿ. ಹಳೆಯ, ಗಾಳಿಗೆ ಅರಳಿದ ಸುಣ್ಣ ತೂಕಕ್ಕೆ ಸರಿ ಬಂದರೂ ಸತ್ವದಲ್ಲಿ ಕಡಿಮೆ, ಹೆಚ್ಚಿನ ಕಡೆ ಕೆಡುವುದು ಇಲ್ಲೇ. ಈ ಪರೀಕ್ಷೆ ಹಿಂಗಾರವನ್ನು ಸುಡದಂತೆ ಕಾಯುತ್ತದೆ, ಕಪ್ಪೆಯನ್ನೂ ಕಾಯುತ್ತದೆ.

ಉಳಿದದ್ದು ನೀರಿನ ದಾರಿಯ ಲೆಕ್ಕ. ಡ್ರಮ್ ಕಲಸುವ ಜಾಗ ಹಳ್ಳದಿಂದ ಕನಿಷ್ಠ ನೂರಡಿ ದೂರ ಇರಲಿ. ಹಳ್ಳದಲ್ಲಿ ಡ್ರಮ್, ಪಂಪು ತೊಳೆಯುವ ರೂಢಿ ಬಿಟ್ಟರೆ ಅರ್ಧ ಕೆಲಸ ಆದಂತೆ. ಉಳಿದ ದ್ರಾವಣವನ್ನು ಸುಣ್ಣ ಉದುರಿಸಿದ ಗುಂಡಿಗೆ ಸುರಿದು ಮಣ್ಣು ಮುಚ್ಚಿ, ತಾಮ್ರ ಮಣ್ಣಿಗೆ ಅಂಟಿಕೊಂಡು ನಿಲ್ಲುತ್ತದೆ. ಮಳೆ ಬಿಟ್ಟ ಹೊಳಪಿನ ದಿನ ಹೊಡೆಯುವುದು ನಿಮಗೆ ಗೊತ್ತೇ ಇದೆ. ಆ ದಿನ ಮತ್ತು ಮರುದಿನ ಬಸಿಗಾಲುವೆಯ ಬಾಯಿಗೆ ಮಣ್ಣಿನ ಚೀಲ ಇಡಿ, ದೊಡ್ಡ ಮಳೆ ಹಿಡಿಯುವ ಮೊದಲು ತೆಗೆಯಿರಿ.

ಗೊದಮೊಟ್ಟೆಯೇ ಇಲ್ಲದ ಕಪ್ಪೆಗಳೂ ನಿಮ್ಮ ತೋಟದಲ್ಲಿವೆ. ಸಂಜೆ ಪೊದೆಯಿಂದ ಟಿಕ್ ಟಿಕ್ ಎನ್ನುವ ಹೆಬ್ಬೆರಳ ತುದಿಯಷ್ಟಿನ ಪೊದೆಗಪ್ಪೆಗಳ ಮೊಟ್ಟೆಯಿಂದ ನೇರವಾಗಿ ಮರಿಕಪ್ಪೆಯೇ ಹೊರಬರುತ್ತದೆ. ಅವಕ್ಕೆ ಕೊಳ ಬೇಡ, ಗಾಳಿಯಲ್ಲಿ ಮತ್ತು ದರಕಿನಲ್ಲಿ ತೇವ ಬೇಕು. ಮಳೆ ಹತ್ತು ದಿನ ಬಿಟ್ಟರೆ ಮೊದಲು ಸೋಲುವುವು ಇವೇ. ತೋಟದ ಕಾಡಂಚಿಗೆ ಆರೆಂಟು ಅಡಿ ಅಗಲದ ಪೊದೆಪಟ್ಟಿ ಸವರದೆ ಬಿಡಿ, ಕಳೆನಾಶಕ ಬೇಡ, ಕಳೆ ಕೊಚ್ಚುವ ಯಂತ್ರವನ್ನು ನೆಲದಿಂದ ನಾಲ್ಕಂಗುಲ ಮೇಲೆ, ಮಧ್ಯಾಹ್ನದ ಒಣ ಹೊತ್ತಿನಲ್ಲಿ ಓಡಿಸಿ. 2014ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಕುಂಬಾರ ಕಪ್ಪೆ ಇದೇ ಕತ್ತಲೆಕಾನಿನ ಸುತ್ತಲಿನದು. ಹೊಳೆಯ ಮೇಲೆ ಬಾಗಿದ ಕಡ್ಡಿಗೆ ಅಂಟಿಸಿದ ಮೊಟ್ಟೆಗಳಿಗೆ ಗಂಡು ತನ್ನ ಮುಂಗೈಯಿಂದ ಕೆಸರು ತೆಗೆದು ಮೆತ್ತುತ್ತದೆ. ದಂಡೆಯ ಕಡ್ಡಿಕಸ ಬಳಿದು ‘ಸ್ವಚ್ಛ’ ಮಾಡಿದ ಹಳ್ಳದಲ್ಲಿ ಅದಕ್ಕೆ ಮೊಟ್ಟೆ ಇಡುವ ಜಾಗವೇ ಇರುವುದಿಲ್ಲ.

ಪ್ರಶ್ನೆ: ರಸ್ತೆಗೆ ಹೊಸ ಮೋರಿ ಹಾಕಿದ ಮೇಲೆ ನಮ್ಮ ಗದ್ದೆಬಯಲಿಗೆ ಹತ್ತುಮೀನು (ಮಳೆ ನೀರಿಗೆ ಎದುರಾಗಿ ಏರಿ ಬರುವ ಮೀನು) ಬರುವುದೇ ನಿಂತಿದೆ. ಮಳೆ ಕಡಿಮೆಯಾದ್ದರಿಂದಲೆ? (ಹೊಸನಗರ ತಾಲ್ಲೂಕು)

ಮೋರಿಯ ಕೆಳಬಾಯಿಯನ್ನು ನೋಡಿ. ಪೈಪಿನಿಂದ ಬೀಳುವ ನೀರು ನೆಲ ಕೊರೆದು ಒಂದೆರಡು ಅಡಿಯ ಜಲಪಾತ ಆಗಿರುತ್ತದೆ. ಮೊದಲ ದೊಡ್ಡ ಮಳೆಗೆ ಮೊಟ್ಟೆ ತುಂಬಿಕೊಂಡು ಹೊಳೆಯಿಂದ ಗದ್ದೆಗೆ ಏರುವ ಮೀನಿಗೆ ಅದೇ ಗೋಡೆ. ಈಗ ಏರುವ ನೀರು ಸಿಗುವುದೇ ಕೆಲವು ದಿನ. ಆ ದಿನಗಳನ್ನು ಮೋರಿಯ ಕೆಳಗೆ ನೆಗೆದು ನೆಗೆದು ಕಳೆದರೆ ಮೊಟ್ಟೆ ಇಡುವ ಕಾಲ ತಪ್ಪುತ್ತದೆ.

ಪಂಚಾಯಿತಿಗೆ ತಿಳಿಸಿ, ಮಾರ್ಚ್ ಏಪ್ರಿಲ್‌ನಲ್ಲಿ ಕಲ್ಲಿನ ಏರು ಕಟ್ಟಿ. ಒಂದಡಿ ಬೀಳಿಗೆ ಹತ್ತಡಿ ಉದ್ದ, ಎರಡಡಿಗೆ ಇಪ್ಪತ್ತು. ಒಂದರಿಂದ ಒಂದೂವರೆ ಅಡಿಯ ಕಲ್ಲುಗಳನ್ನು ಮೂರರಲ್ಲೊಂದು ಪಾಲು ನೆಲದಲ್ಲಿ ಹೂತು, ಸಾಲಿಗೆ ಸಾಲು ಎಡಬಲ ತಪ್ಪಿಸಿ ಇಡಿ. ನಡುವೆ ತಗ್ಗು, ಅಂಚು ಎತ್ತರ. ನಾಲ್ಕಡಿಗೊಂದು ಪುಟ್ಟ ಗುಂಡಿ ಇರಲಿ, ಮೀನು ದಣಿವಾರಿಸಿಕೊಳ್ಳುತ್ತದೆ. ಕಲ್ಲಿನ ಸಂದಿಗೆ ಜಲ್ಲಿ, ಮರಳು ತುಂಬದಿದ್ದರೆ ನೀರು ಕಲ್ಲಿನಡಿಗೇ ಇಳಿದುಹೋಗಿ ಮೇಲೆ ಮೀನು ಒಣಗುತ್ತದೆ, ಇದು ಎಲ್ಲರೂ ಮಾಡುವ ತಪ್ಪು. ಸಿಮೆಂಟ್ ಬಳಿದು ನುಣ್ಣಗೆ ಮಾಡಬೇಡಿ, ನುಣುಪಿನ ಮೇಲೆ ನೀರಿನ ವೇಗ ಮೀನಿನ ಶಕ್ತಿ ಮೀರುತ್ತದೆ. ಹೊಸ ಮೋರಿ ಹಾಕುವಾಗಲೇ ಹೇಳಿಸಿ: ಮೂರು ಸಣ್ಣ ಪೈಪಿನ ಬದಲು ಒಂದು ದೊಡ್ಡದು, ಅದರ ಐದರಲ್ಲೊಂದು ಪಾಲು ಹಳ್ಳದ ತಳಕ್ಕಿಂತ ಕೆಳಗೆ. ಮೂರಡಿ ಪೈಪಾದರೆ ಏಳೆಂಟು ಅಂಗುಲ ಹೂಳಬೇಕು.

ತೀರ್ಥಹಳ್ಳಿಯ ಚಿಬ್ಬಲಗುಡ್ಡೆಯಲ್ಲಿ ತುಂಗೆಯ ಮಡುವಿನ ಮೀನನ್ನು ಜನ ದೇವರ ಮೀನೆಂದು ಕಾಯುತ್ತಾರೆ. ಮಡು ಕಾದಂತೆ ಹಳ್ಳದ ಬಾಯಿಯನ್ನೂ ಕಾಯಬೇಕು. ಏರು ಕಟ್ಟಿದ ವರ್ಷ ಮೊದಲ ಮಳೆಯ ಮೂರು ರಾತ್ರಿ ಅಲ್ಲಿ ಕೂಣಿ (ಮೀನು ಹಿಡಿಯುವ ಬುಟ್ಟಿ) ಒಡ್ಡದಂತೆ ಊರಲ್ಲಿ ಒಂದು ಮಾತು ಆಗಲಿ, ಇಲ್ಲವಾದರೆ ನೀವು ಕಟ್ಟಿದ್ದು ಶಿಕಾರಿಯ ಮೆಟ್ಟಿಲು.

ಪ್ರಶ್ನೆ: ಶಾಲಾ ಮಕ್ಕಳಿಂದ ಬೀಜದುಂಡೆ ಮಾಡಿಸಿ ಗುಡ್ಡದ ಬ್ಯಾಣದಲ್ಲಿ ಎಸೆಯಬೇಕೆಂದಿದ್ದೇವೆ. ಯಾವ ಬೀಜ? (ಶಿಕಾರಿಪುರ)

ಬ್ಯಾಣಕ್ಕೆ ಯಾವ ಬೀಜವೂ ಬೇಡ. ಹುಲ್ಲುಗಾವಲು ಖಾಲಿ ಜಾಗವಲ್ಲ. ನೆಲಗುಬ್ಬಿ, ಪಿಪಿಳೀಕ ಹಕ್ಕಿ, ಕಡವೆ ಎಲ್ಲ ಅದನ್ನು ನಂಬಿವೆ, ಮಳೆನೀರನ್ನು ಹಿಡಿದು ಕೆಳಗಿನ ಒರತೆಗೆ ಬಿಡುವುದೂ ಅದೇ ಹುಲ್ಲಿನ ಬೇರು. ಅದನ್ನು ಹಾಳುಮಾಡುವ ಅಕೇಶಿಯಾ ಸಸಿ, ಕಮ್ಯುನಿಸ್ಟ್ ಗಿಡಗಳನ್ನು ಹೂ ಬಿಡುವ ಮೊದಲು ಮಕ್ಕಳಿಂದ ಕೀಳಿಸಿ, ಉಂಡೆ ಎಸೆದದ್ದಕ್ಕಿಂತ ಉಪಕಾರ.

ಉಂಡೆ ಮಾಡಲೇಬೇಕೆಂದರೆ ಬೋಳು ರಸ್ತೆಯಂಚಿಗೆ, ಗಟ್ಟಿ ಸಿಪ್ಪೆಯ ಅಂಟುವಾಳ, ತಾರೆ, ನೆಲ್ಲಿ ಬಳಸಿ. ಹಲಸು, ನೇರಳೆ, ಧೂಪ, ರಾಮಪತ್ರೆಗಳನ್ನು ಮಣ್ಣುಂಡೆಯಲ್ಲಿ ಒಣಗಿಸಿದರೆ ಬೀಜವೂ ಒಣಗಿ ಸಾಯುತ್ತದೆ. ಹಲಸಿನ ಬೀಜವನ್ನು ತಿಂದ ದಿನವೇ ಕೋಲಿನಿಂದ ನೆಲ ಕುತ್ತಿ ಹಾಕಿ, ಉಂಡೆ ಯಾಕೆ?

ಪ್ರಶ್ನೆ: ಹವಾಮಾನ ನಿಜಕ್ಕೂ ಬದಲಾಗಿದೆಯೋ, ಒಂದೆರಡು ವರ್ಷದ ಏರುಪೇರೋ? ಮನೆಯಲ್ಲೇ ಲೆಕ್ಕ ಇಡುವುದು ಹೇಗೆ? (ಆಗುಂಬೆ ಹೋಬಳಿ)

ನಿಮ್ಮ ಕಡೆಯ ಹಳೆಯ ತೋಟದ ಮನೆಗಳಲ್ಲಿ ಇಂಚಿನಲ್ಲಿ ಬರೆದಿಟ್ಟ ಮಳೆಯ ಡೈರಿಗಳಿರುತ್ತವೆ, ಮೊದಲು ಅವನ್ನು ಗೆದ್ದಲಿನಿಂದ ಕಾಪಾಡಿ. ಇಂಚನ್ನು 25.4ರಿಂದ ಗುಣಿಸಿದರೆ ಮಿಲಿಮೀಟರ್.

ಹೊಸದಾಗಿ ಶುರು ಮಾಡುವವರಿಗೆ 20 ಸೆಂ.ಮೀ. ಬಾಯಿಯ ಆಲಿಕೆ ಮತ್ತು ಒಂದು ಕ್ಯಾನ್ ಸಾಕು. ಅಷ್ಟು ಅಗಲದ ಆಲಿಕೆಯಲ್ಲಿ 1 ಲೀಟರ್ ನೀರು ಬಿದ್ದಿದ್ದರೆ ಸುಮಾರು 32 ಮಿ.ಮೀ. ಮಳೆ ಎಂದು ಲೆಕ್ಕ. ಆಗುಂಬೆಯ ಕಡೆ 5 ಲೀಟರಿನ ಕ್ಯಾನ್ ಇಡಬೇಡಿ, 160 ಮಿ.ಮೀ.ಗೆ ತುಂಬಿ ಚೆಲ್ಲುತ್ತದೆ. 10 ಲೀಟರಿನದು ಇಡಿ. ಹತ್ತಿರದ ಮರದ ಎತ್ತರದ ಎರಡರಷ್ಟು ದೂರದಲ್ಲಿ, ನೆಲದಿಂದ ಮೂರಡಿ ಮೇಲೆ, ದಿನವೂ ಬೆಳಗ್ಗೆ 8.30ಕ್ಕೆ ಅಳೆಯಿರಿ. ಹವಾಮಾನ ಇಲಾಖೆಯ ಹೊತ್ತೂ ಅದೇ, ಹೋಲಿಸಲು ಅನುಕೂಲ.

ವರ್ಷದ ಒಟ್ಟು ಮೊತ್ತ ಹೆಚ್ಚು ಹೇಳುವುದಿಲ್ಲ. ಕಪ್ಪೆಗೂ ಬೀಜಕ್ಕೂ ಮುಖ್ಯವಾದ ಮೂರು ಅಂಕಿಗಳನ್ನು ಪ್ರತ್ಯೇಕ ಪುಟದಲ್ಲಿ ಬರೆಯಿರಿ: 2.5 ಮಿ.ಮೀ. ಅಥವಾ ಹೆಚ್ಚು ಬಿದ್ದ ದಿನಗಳೆಷ್ಟು, 100 ಮಿ.ಮೀ. ದಾಟಿದ ದಿನಗಳೆಷ್ಟು, ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಮಳೆಯಿಲ್ಲದ ಅತಿ ಉದ್ದದ ಬಿಡುವು ಎಷ್ಟು ದಿನ. ಪಕ್ಕದಲ್ಲಿ ಒಂದೇ ಅಪ್ಪೆಮರದ ಹೂ, ಒಂದೇ ಸುರಗಿಯ ಮೊಗ್ಗು, ಮೊದಲ ಕಪ್ಪೆಗಳ ಕೂಗು, ಹಳ್ಳ ನಿಂತ ದಿನ. ಪ್ರತಿ ವರ್ಷವೂ ಅದೇ ಮರ ಇರಬೇಕು, ಮರ ಬದಲಿಸಿದರೆ ಲೆಕ್ಕ ಕೆಟ್ಟಿತು. ವಾರವಾರ ಒಂದೇ ಮರ ನೋಡಿ ಬರೆಯುವವರ ದಾಖಲೆಗಳನ್ನು ದೇಶಾದ್ಯಂತ ಒಟ್ಟುಗೂಡಿಸುವ ಸೀಸನ್‌ವಾಚ್ ಯೋಜನೆಗೂ ಇದನ್ನು ಕಳಿಸಬಹುದು.

ಊರಿಗೆ ಹೋಗಿ ಅಳತೆ ತಪ್ಪಿದ ದಿನ ಅಂದಾಜು ಅಂಕಿ ಬರೆಯಬೇಡಿ, ‘ಇರಲಿಲ್ಲ’ ಎಂದು ಬರೆಯಿರಿ. ಕ್ಯಾನ್ ತುಂಬಿ ಹೊರಬಿದ್ದ ದಿನ ‘ಚೆಲ್ಲಿತು’ ಎಂದೇ ಇರಲಿ.